ಅತ್ತೆಯ ಹೆಸರಿನಲ್ಲಿಟ್ಟ ಹಾಡುಗಳು

ಎನ್.ಆರ್. ಕಾಲೋನಿ, ಬೆಂಗಳೂರು
೯ ಏಪ್ರಿಲ್ ೨೦೨೫, ಬುಧವಾರ ಮಧ್ಯಾಹ್ನ

ಪ್ರೀತಿಯ ಯಮುನಾ ಅತ್ತಿಗೆಗೆ,

ನಿಮ್ಮ ತಮ್ಮನ ಹೆಂಡತಿ ಚಂದ್ರಕಲಾ ಮಾಡುವ ನಮಸ್ಕಾರ. ಮಂಡಿಯ ನೋವು ಈಗ ಇಳಿದಿರಬಹುದು ಎಂದುಕೊಂಡಿದ್ದೇನೆ. ಕಾಗದ ಕಂಡ ಕೂಡಲೇ ಅಮ್ಮನಿಗೇನೋ ಆಯಿತೆಂದು ಗಾಬರಿಯಾಗಬೇಡಿ. ಅತ್ತೆ ಇದ್ದಾರೆ, ಈಗ ತಾನೇ ಎರಡು ಚಮಚ ಗಂಜಿ ಕುಡಿದು ಮಲಗಿದ್ದಾರೆ. ಗಾಬರಿ ಇರುವುದು ನನಗೆ. ಜನವರಿಯಿಂದ ಇದೆ.

ಮಲ್ಲೇಶ್ವರಕ್ಕೂ ನಮ್ಮ ಮನೆಗೂ ಕಾಗದ ಬರೆಯುವಷ್ಟು ದೂರವೇನಿಲ್ಲ. ಕಳೆದ ತಿಂಗಳು ಎರಡು ಸಲ ಮೆಟ್ರೋ ಹತ್ತಿ, ಸಂಪಿಗೆ ರಸ್ತೆಯಲ್ಲಿ ಇಳಿದು, ನಿಮ್ಮ ಗೇಟಿನವರೆಗೂ ಬಂದಿದ್ದೆ. ಮೊದಲ ಸಲ ನಿಮ್ಮ ಕೋಣೆಯ ಕಿಟಕಿಯಿಂದ ಹಾಡು ಕೇಳಿಸಿತು, ಕಾಲು ಮುಂದಕ್ಕೆ ಬರಲಿಲ್ಲ. ಎರಡನೇ ಸಲ ಚಿಲಕದ ಮೇಲೆ ಕೈಯಿಟ್ಟಿದ್ದೆ. ಒಳಗಿನಿಂದ ನಿಮ್ಮ ಮಗಳು ನಂದಿತಾ ಯಾರದು ಎಂದು ಕೇಳಿದಳು. ನಲವತ್ತೇಳು ವರ್ಷದವಳು ನಾನು, ಬೆಲ್ಲು ಒತ್ತಿ ಓಡುವ ಮಕ್ಕಳ ಹಾಗೆ ತಿರುಗಿ ನಡೆದುಬಿಟ್ಟೆ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಗಂಟಲನ್ನು ನಾನೇ ನಂಬದ ಹಾಗಾಗಿದೆ. ದಯವಿಟ್ಟು ಒಬ್ಬರೇ ಇರುವಾಗ ಓದಿ. ಕೊನೆಯವರೆಗೂ ಓದಿ.

ಕಳೆದ ದಸರೆಗೆ ನೀವು ಬಿಸ್ಕತ್ತಿನ ಡಬ್ಬದಲ್ಲಿ ತಂದುಕೊಟ್ಟ ಇಪ್ಪತ್ತೇಳು ಸಿ.ಡಿ.ಗಳ ವಿಷಯ ಇದು. ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಧೈರ್ಯ ಕೂಡಿಸಿಕೊಳ್ಳಲು. ಬಳೇಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಅಂಗಡಿ ಇಟ್ಟಿದ್ದ ಪರಮಶಿವಯ್ಯನವರು ಯಾವುದೋ ಮದುವೆಯಲ್ಲಿ, ತಿಮ್ಮಕ್ಕನ ಹಾಡು ಎಂದೇ ಹೆಸರಾಗಿದ್ದ ಅತ್ತೆಯ ಸೋಬಾನೆ ಪದ ಕೇಳಿದರು. ಇದನ್ನು ಹೀಗೇ ಬಿಟ್ಟರೆ ಒಂದು ದಿನ ಗಾಳಿಗೆ ಹೋಗುತ್ತದೆ ಎಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ವರ್ಷ, ಭಾನುವಾರ ಭಾನುವಾರ, ಅತ್ತೆಯನ್ನು ಕೂರಿಸಿಕೊಂಡು ಹಾಡಿಸಿ ರೆಕಾರ್ಡ್ ಮಾಡಿದರು. ಇನ್ನೂರಕ್ಕೂ ಮೇಲೆ ಹಾಡು. ಒಂದೂ ಪುಸ್ತಕದಲ್ಲಿಲ್ಲ. ಅಕ್ಷರ ಬಾರದ ಅತ್ತೆಗೆ ಅವು ಮಾಗಡಿ ಕಡೆಯ ಹೆಂಗಸರ ಬಾಯಿಂದ ಬಂದವು. ಮದುವೆ ಮನೆಗಳಲ್ಲಿ ಅವರು ಒಂದು ಸಾಲು ಎತ್ತಿದರೆ ಹಿಂದೆ ಅದೇ ಸಾಲನ್ನು ಹಿಡಿಯುವವಳು ನಾನು. ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದೆ. ಪರಮಶಿವಯ್ಯನವರಿಗೆ ಮಾತ್ರ ಒಂದೇ ದನಿ ಸಾಕಾಗಿತ್ತು. ಆ ಭಾನುವಾರಗಳಲ್ಲಿ ನಾನು ಮೆಟ್ಟಿಲ ಮೇಲೆ ಕೂತು ಬರೀ ತುಟಿ ಅಲ್ಲಾಡಿಸುತ್ತಿದ್ದೆ.

ಆಷಾಢದಲ್ಲಿ ಅತ್ತೆಗೆ ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋದಮೇಲೆ ಆ ಡಬ್ಬದೊಳಗೆ ಇದ್ದುದಷ್ಟೇ ತಿಮ್ಮಕ್ಕನ ಹಾಡು ಎಂದಾಯಿತು. ಹದಿನೆಂಟು ವರ್ಷ ಅದನ್ನು ಬೀರುವಿನಲ್ಲಿ ಅಮ್ಮನ ಹಳೇ ಸೀರೆ ಸುತ್ತಿ ಕಾಪಾಡಿದವರು ನೀವು. ನಿಮ್ಮ ಮನೆಯ ಹೊಸ ಕಂಪ್ಯೂಟರಿಗೆ ಸಿ.ಡಿ. ಹಾಕುವ ಜಾಗವಿಲ್ಲವೆಂದು, ನಿಮ್ಮ ತಮ್ಮನ ಹಳೇ ಲ್ಯಾಪ್‌ಟಾಪಿನಲ್ಲಿ ಇಳಿಸಿಕೊಡು ಎಂದು ನನ್ನ ಕೈಗೆ ಕೊಟ್ಟಿರಿ.

ಡಬ್ಬದ ಜೊತೆ ಒಂದು ಹಾಳೆಯನ್ನೂ ಕೊಟ್ಟಿದ್ದಿರಿ. ಮೂವತ್ತು ವರ್ಷ ಕಾಲೇಜಿನ ಲೈಬ್ರರಿ ನೋಡಿಕೊಂಡ ಕೈಬರಹ. ಒಂದೊಂದು ಸಿ.ಡಿ. ಹಾಕುವ ಮುಂಚೆಯೂ ಅದರ ನಂಬರಿನ ಫೋಲ್ಡರು ಮಾಡಿಕೋ, ಅದರ ಹಾಡು ಅದರೊಳಗೇ ಇಳಿಯಲಿ. ಎಲ್ಲ ಇಳಿದಮೇಲೆ ಕೇಳಿ ಕೇಳಿ ಶಾಸ್ತ್ರದ ಪ್ರಕಾರ ವಿಂಗಡಿಸು: ಚಪ್ಪರ, ಅರಿಶಿಣ, ಬಳೆ, ಹಸೆ, ಧಾರೆ, ಹೆಣ್ಣು ಒಪ್ಪಿಸುವುದು. ಪ್ರತಿ ಹಾಡಿಗೂ ಮೊದಲು ಅಂಕಿ, ಆಮೇಲೆ ಮೊದಲ ಸಾಲು, ಕೊನೆಗೆ ಅಮ್ಮನ ಹೆಸರು. ಬರೀ ೧ ಎಂದು ಬರೆಯದೆ ೦೧ ಎಂದೇ ಬರೆಯಬೇಕು, ಇಲ್ಲದಿದ್ದರೆ ಒಂದರ ಬೆನ್ನಿಗೇ ಹತ್ತು ಬಂದು ಕೂರುತ್ತದೆ. ಈ ಮಾತಿನ ಕೆಳಗೆ ಗೆರೆ ಎಳೆದಿದ್ದಿರಿ.

ನಾನು ಅಂಕಿಯ ಮಾತನ್ನು ನೆನಪಿಟ್ಟುಕೊಂಡೆ, ಫೋಲ್ಡರಿನ ಮಾತನ್ನು ಬಿಟ್ಟೆ. ಎರಡೆರಡು ಕೆಲಸ ಯಾಕೆ, ಎಲ್ಲವನ್ನೂ ಒಮ್ಮೆಗೇ ಒಳಗೆ ಸುರಿದುಕೊಂಡು ಹೆಸರನ್ನು ಆಮೇಲೆ ನಿಧಾನವಾಗಿ ಇಟ್ಟರಾಯಿತು ಎಂದುಕೊಂಡೆ. ಕಾರ್ತಿಕದಲ್ಲಿ ನಾಲ್ಕು ಮಧ್ಯಾಹ್ನ ಕೂತು ಇಪ್ಪತ್ತೇಳನ್ನೂ ಒಂದಾದಮೇಲೊಂದು ಹಾಕಿ ತೆಗೆದೆ. ಮನೆಯಲ್ಲಿ ಬರೆದ ಸಿ.ಡಿ.ಗಳಲ್ಲಿ ಹಾಡಿನ ಹೆಸರಾಗಲಿ ಹಾಡಿದವರ ಹೆಸರಾಗಲಿ ಇರುವುದಿಲ್ಲವಂತೆ. ಅದಕ್ಕೆ ಕಂಪ್ಯೂಟರು ತಾನೇ ‘ಅನ್‌ನೋನ್ ಆರ್ಟಿಸ್ಟ್’ ಎಂದು ಒಂದು ಫೋಲ್ಡರು ಮಾಡಿಕೊಂಡು, ಹಾಡುಗಳಿಗೆ ಟ್ರ್ಯಾಕ್ ಒಂದು, ಟ್ರ್ಯಾಕ್ ಎರಡು ಎಂದು ಹೆಸರಿಟ್ಟುಕೊಂಡಿತು. ಎರಡನೇ ಸಿ.ಡಿ. ಹಾಕಿದಾಗ ಪರದೆಯ ಮೇಲೆ ಒಂದು ಚೌಕ ಬಂತು: ಈ ಹೆಸರಿನ ಫೈಲು ಆಗಲೇ ಇದೆ, ಅದರ ಜಾಗದಲ್ಲಿ ಇದನ್ನು ಹಾಕಲೇ? ಅತ್ತೆಗೆ ಮಗ್ಗುಲು ಬದಲಿಸುವ ಹೊತ್ತಾಗಿತ್ತು. ಪೂರ್ತಿ ಓದಲಿಲ್ಲ. ಹೌದು ಎಂದು ಒತ್ತಿ, ಇನ್ನು ಮುಂದೆ ಕೇಳಬೇಡ ಎನ್ನುವ ಕಡೆಯೂ ಗುರುತು ಹಾಕಿ ಎದ್ದುಹೋದೆ. ಅದು ಮತ್ತೆ ಕೇಳಲಿಲ್ಲ.

ಎಲ್ಲ ಮುಗಿದ ದಿನ ಫೋಲ್ಡರು ತೆರೆದು ಮೊದಲನೆಯದನ್ನು ಒತ್ತಿದೆ. ಅತ್ತೆಯ ದನಿ ಬಂತು. ಸಾಕೆನಿಸಿ ಮುಚ್ಚಿಟ್ಟು ನಿಮಗೆ ಫೋನು ಮಾಡಿದೆ. ಸಿ.ಡಿ. ಪ್ಲೇಟುಗಳನ್ನು ಮತ್ತೆ ಡಬ್ಬಕ್ಕೆ ಹಾಕಿ ಭದ್ರವಾಗಿ ಇಡು ಎಂದಿರಿ. ಇಟ್ಟಿದ್ದೇನೆ ಎಂದೆ.

ಇಟ್ಟಿರಲಿಲ್ಲ ಅತ್ತಿಗೆ. ಆಗ ನಮ್ಮ ಬಾಲ್ಕನಿಯಲ್ಲಿ ಪಾರಿವಾಳದ ಕಾಟ ವಿಪರೀತ. ಅತ್ತೆಯ ಹಾಸಿಗೆ ಬಟ್ಟೆ ಒಣಗಹಾಕಿದರೆ ಗಲೀಜು ಮಾಡುತ್ತಿದ್ದವು. ಪಕ್ಕದ ಮನೆ ಲಕ್ಷ್ಮೀದೇವಮ್ಮನವರು ಹಳೇ ಸಿ.ಡಿ. ತೂಗುಹಾಕಿ, ಹೊಳಪಿಗೆ ಹೆದರಿ ಬರಲ್ಲ ಎಂದಿದ್ದರು. ಹಾಡು ಒಳಗೆ ಬಂದಿದೆಯಲ್ಲ, ಪ್ಲೇಟಿನಲ್ಲಿ ಇನ್ನೇನಿದೆ ಎಂದುಕೊಂಡು ಇಪ್ಪತ್ತೇಳನ್ನೂ ದಾರದಲ್ಲಿ ಪೋಣಿಸಿ ಬಾಲ್ಕನಿಗೆ ಕಟ್ಟಿದೆ. ಪಾರಿವಾಳ ಬರುವುದು ನಿಂತಿತು. ನಾನು ಜಾಣೆ ಎಂದುಕೊಂಡೆ.

ಸಂಕ್ರಾಂತಿ ಆದ ಮಾರನೇ ವಾರ ನಿಮ್ಮ ಹಾಳೆಯನ್ನು ಮುಂದಿಟ್ಟುಕೊಂಡು ಹೆಸರಿಡಲು ಕೂತೆ. ಫೋಲ್ಡರಿನಲ್ಲಿ ಹನ್ನೊಂದು ಹಾಡು ಇದ್ದವು.

ಉಳಿದವು ಬೇರೆ ಎಲ್ಲೋ ಇಳಿದಿರಬೇಕೆಂದು ಇಡೀ ಲ್ಯಾಪ್‌ಟಾಪು ಹುಡುಕಿದೆ. ಆಮೇಲೆ ಆ ಹನ್ನೊಂದನ್ನೂ ಕೇಳಿದೆ. ಮೊದಲ ಏಳು ಕೊನೆಯ ಸಿ.ಡಿ.ಯವು. ಎಂಟರಿಂದ ಹನ್ನೊಂದರವರೆಗಿನವು, ಏಳಕ್ಕಿಂತ ಹೆಚ್ಚು ಹಾಡಿದ್ದ ಹಿಂದಿನ ಸಿ.ಡಿ.ಗಳ ಬಾಲ. ಆಗ ಆ ಚೌಕ ಕೇಳಿದ್ದೇನೆಂದು ಅರ್ಥವಾಯಿತು. ಪ್ರತಿ ಸಿ.ಡಿ.ಯ ಟ್ರ್ಯಾಕ್ ಒಂದು ಹಿಂದಿನ ಸಿ.ಡಿ.ಯ ಟ್ರ್ಯಾಕ್ ಒಂದನ್ನು ಅಳಿಸಿ ಅದರ ಜಾಗದಲ್ಲಿ ಕೂತಿತ್ತು. ನಾನೇ ಹೌದು ಎಂದಿದ್ದೆ. ಬಾಲ್ಕನಿಗೆ ಹೇಗೆ ಹೋದೆನೋ ನೆನಪಿಲ್ಲ.

ಎರಡೂವರೆ ತಿಂಗಳ ಬಿಸಿಲು, ನಡುವೆ ಬಂದ ಮಳೆ. ಪರಮಶಿವಯ್ಯನವರು ಪೆನ್ನಿನಲ್ಲಿ ಬರೆದಿದ್ದ ನಂಬರು ಒಂದರ ಮೇಲೂ ಇರಲಿಲ್ಲ. ಹಿಂದಿನ ಬೆಳ್ಳಿಯ ಪೊರೆ ಹಪ್ಪಳದ ಹಾಗೆ ಎದ್ದಿತ್ತು. ಬೆಳಕಿಗೆ ಹಿಡಿದರೆ ಪ್ಲೇಟಿನ ಮೂಲಕ ಎದುರುಮನೆ ಕಾಣುತ್ತಿತ್ತು. ನಾಲ್ಕು ಗಾಳಿಗೆ ಹರಿದು ಎಲ್ಲೋ ಹೋಗಿದ್ದವು. ಉಳಿದವನ್ನು ಮೆತ್ತಗೆ ಒರೆಸಿ ಒಂದೊಂದಾಗಿ ಹಾಕಿದೆ. ಲ್ಯಾಪ್‌ಟಾಪು ಒಳಗೆ ಕರಕರ ಎಂದು ತಿರುಗಿಸಿ ಹೊರಗೆ ಉಗುಳುತ್ತಿತ್ತು. ಎರಡು ಪ್ಲೇಟಿನಿಂದ ನಾಲ್ಕು ಹಾಡು ಸಿಕ್ಕವು. ಒಟ್ಟು ಹದಿನೈದು.

ಎಸ್.ಪಿ. ರೋಡಿಗೆ ಓಡಿದೆ. ಅಲ್ಲಿ ಶಶಿಕಿರಣ್ ಎಂಬ ರಿಪೇರಿಯವರು ಎರಡು ದಿನ ಲ್ಯಾಪ್‌ಟಾಪು ಇಟ್ಟುಕೊಂಡು ನೋಡಿ ಹೇಳಿದರು: “ಅಳ್ಸಿ ಬಿಟ್ಟಿದ್ರೆ ತೆಗೆದುಕೊಡ್ಬೋದಿತ್ತು ಮೇಡಂ. ಒಂದ್ರ ಮೇಲೊಂದು ಬರೆದುಬಿಟ್ರೆ ಕೆಳಗಡೇದು ಇರಲ್ಲ.” ಅಲ್ಲಿಂದ ಬಳೇಪೇಟೆಗೆ ನಡೆದೆ. ಪರಮಶಿವಯ್ಯನವರು ಹೋಗಿ ನಾಲ್ಕು ವರ್ಷವಾಯಿತಂತೆ. ಮಗ ಮನೋಹರ್ ಅಂಗಡಿಯಲ್ಲಿದ್ದರು. ತಂದೆಯ ಕಂಪ್ಯೂಟರು ಎಂದೋ ಗುಜರಿಗೆ ಹೋಯಿತು, ಹಳೇ ಟೇಪುಗಳಿಗೆ ಬೂಷ್ಟು ಹಿಡಿದಿತ್ತು, ಕೋಣೆ ಖಾಲಿ ಮಾಡುವಾಗ ಎಸೆದೆವು ಎಂದರು. ಕುಡಿಯಲು ನೀರು ಕೊಟ್ಟರು. ನನ್ನ ಮುಖ ಹೇಗಿತ್ತೋ, ಆಟೋ ಕರೆಯಲೇ ಎಂದು ಎರಡು ಸಲ ಕೇಳಿದರು.

ಅಂದೇ ನಿಮಗೆ ಹೇಳಬೇಕಿತ್ತು. ಹೇಳಲೆಂದೇ ಫೋನು ಕೈಗೆ ತೆಗೆದುಕೊಂಡೆ, ಆದರೆ ನಿಮ್ಮ ಫೋನೇ ಬಂತು. ಡಿಸೆಂಬರಿನ ಮಂಡಿ ಆಪರೇಷನ್ ಆದಮೇಲೆ ಅಷ್ಟು ಸಂತೋಷದ ದನಿ ನಿಮ್ಮದು ನಾನು ಕೇಳಿರಲಿಲ್ಲ. ನಂದಿತಾಳಿಗೆ ಗಂಡು ಗೊತ್ತಾಗಿದೆ, ಮದುವೆ ಮೇ ತಿಂಗಳ ಮೊದಲ ವಾರ ಎಂದಿರಿ. ಆಮೇಲೆ ನೀವಂದ ಮಾತು ಅಕ್ಷರ ಬಿಡದೆ ನೆನಪಿದೆ: “ಅಮ್ಮ ಹಾಡ್ದೆ ನನ್ ಮಗಳು ಹಸೆಮಣೆ ಹತ್ತೋದು ಬೇಡ ಚಂದ್ರ. ಸ್ಪೀಕರ್ ಇಟ್ಟಾದ್ರೂ ಹಾಡಿಸ್ತೀನಿ. ಮೊದ್ಲು ಚಪ್ಪರದ್ದು ಕಳ್ಸು, ಕೇಳ್ಬೇಕು ಅನ್ಸ್ತಿದೆ.”

ಕಳಿಸುತ್ತೇನೆ ಎಂದೆ.

ಚಪ್ಪರದ ಹಾಡು ಉಳಿದಿದ್ದುದು ಎರಡೇ. ಆರಾದರೂ ಇದ್ದವೆಂದು ನಿಮಗೆ ಗೊತ್ತು. ಎರಡು ದಿನ ಏನೇನೋ ನೆಪ ಹೇಳಿದೆ. ಮೂರನೇ ದಿನ ಮಧ್ಯಾಹ್ನ ಅತ್ತೆ ನಿದ್ದೆ ಹೋದಮೇಲೆ ಅಡುಗೆಮನೆ ಬಾಗಿಲು ಹಾಕಿಕೊಂಡು, ಖಾಲಿ ಅಕ್ಕಿ ಡ್ರಮ್ಮಿನೊಳಗೆ ಫೋನಿಟ್ಟು, ಅದರ ಬಾಯಿಗೆ ಮುಖ ಕೊಟ್ಟು ಹಾಡಿದೆ. ಪರಮಶಿವಯ್ಯನವರ ಕೋಣೆಯಲ್ಲಿ ದನಿ ಹೀಗೇ ಸ್ವಲ್ಪ ಟೊಳ್ಳಾಗಿ ಕೇಳುತ್ತಿತ್ತು. ಅತ್ತೆ ಸಾಲಿನ ಕೊನೆಯನ್ನು ಮೂಗಿಗೆ ಏರಿಸುವುದು, ನಡುವೆ ಉಸಿರು ಎಳೆದುಕೊಳ್ಳುವ ಸದ್ದು, ಎಲ್ಲ ನನಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷ ಅವರ ಹಿಂದೆ ನಿಂತವಳಿಗೆ ಗೊತ್ತಿರದೆ ಇನ್ನೇನು. ನಾಲ್ಕು ಹಾಡು ಹಾಡಿದೆ. ಆಮೇಲೆ ನಿಮ್ಮ ಹಾಳೆ ತೆಗೆದು ಅದರಲ್ಲಿದ್ದಂತೆಯೇ ಹೆಸರು ಹೊಡೆದೆ: ೦೩, ಹಾಲುಗಂಬದ ನೆರಳಿಗೆ, ತಿಮ್ಮಕ್ಕ. ಕೊನೆಯ ಹೆಸರು ಹೊಡೆಯುವಾಗ ಬೆರಳು ಮೂರು ಸಲ ತಪ್ಪಿತು.

ಕಳಿಸಿದ ಅರ್ಧ ಗಂಟೆಗೆ ನೀವು ಫೋನು ಮಾಡಿದಿರಿ. ಸಿಕ್ಕಿಬಿದ್ದೆ ಎಂದುಕೊಂಡೇ ಎತ್ತಿದೆ. ನೀವು ಅಳುತ್ತಿದ್ದಿರಿ. “ಅಮ್ಮನ ಗಂಟ್ಲು ಕೇಳಿ ಆರು ತಿಂಗ್ಳಾಗಿತ್ತು ಕಣೇ. ಆ ಮೂರನೇದಿದ್ಯಲ್ಲ, ಅದನ್ನೇ ಹಾಕ್ಕೊಂಡು ಕೂತಿದೀನಿ” ಎಂದಿರಿ.

ಮೂರನೆಯದು ನಾನು, ಅತ್ತಿಗೆ.

ಮುಚ್ಚಿಡಬಾರದೆಂದು ಕೂತಮೇಲೆ ಇದನ್ನೂ ಬರೆಯುತ್ತೇನೆ. ಆ ಭಯದ ಒಳಗೆ, ಒಂದು ಕ್ಷಣ, ನನಗೆ ಸಂತೋಷವಾಯಿತು. ಮನೆಗೆ ಬಂದ ದಿನದಿಂದ ಅತ್ತೆ ನನ್ನ ಹಾಡನ್ನು ಚೆನ್ನಾಗಿದೆ ಎಂದವರಲ್ಲ. ಹಿಂದೆ ಹಿಡಿ, ಮುಂದೆ ಓಡಬೇಡ ಎನ್ನುವುದಷ್ಟೇ. ಅವರ ಮಗಳೇ ನನ್ನ ದನಿಗೆ ಅತ್ತರಲ್ಲ ಎಂದು ಒಳಗೆ ಏನೋ ಎದ್ದು ಕೂತಿತು. ಆ ಸಂತೋಷ ನೆನೆದರೆ ಈಗ ನನಗೆ ಹೇಸಿಗೆಯಾಗುತ್ತದೆ.

ಅಲ್ಲಿಂದ ಹಿಂದೆ ಬರಲು ದಾರಿ ಇರಲಿಲ್ಲ. ನೀವು ಅರಿಶಿಣದ ಫೋಲ್ಡರು ಕೇಳಿದಿರಿ, ಬಳೆಯದು ಕೇಳಿದಿರಿ. ಐದು ವಾರದಲ್ಲಿ ನಲವತ್ಮೂರು ಹಾಡು ಹಾಡಿದೆ. ಸಾಲು ಮರೆತಲ್ಲಿ ಬೇರೆ ಹಾಡಿನದು ಜೋಡಿಸಿದೆ, ಪದ ಮರೆತಲ್ಲಿ ತೋಚಿದ್ದು ತುಂಬಿದೆ. ನಿಜವಾದ ಹದಿನೈದರ ನಡುವೆ ನನ್ನವನ್ನು ಸೇರಿಸಿ ಸೇರಿಸಿ ಕಳಿಸಿದೆ. ಫೋನು ಬಡಿದುಕೊಂಡಾಗಲೆಲ್ಲ, ಇದು ಆ ಫೋನು, ನಿಮಗೆ ಗೊತ್ತಾಗಿಬಿಟ್ಟಿದೆ ಎಂದುಕೊಳ್ಳುತ್ತಿದ್ದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ನಿಮ್ಮ ತಮ್ಮ ಬಿ.ಪಿ. ತೋರಿಸಿಕೋ ಎಂದರು. ಅವರಿಗೆ ಇವತ್ತಿಗೂ ಏನೂ ಗೊತ್ತಿಲ್ಲ.

ಕೇಳಿದ ಕೂಡಲೇ ಪತ್ತೆಹಚ್ಚಬಲ್ಲವರು ಒಬ್ಬರೇ ಇದ್ದರು. ಅವರ ಮುಂದೆ ಮಾತ್ರ ಆ ಹಾಡು ಹಾಕದಂತೆ ನೋಡಿಕೊಂಡಿದ್ದೆ. ಆದರೆ ಮಾರ್ಚ್ ಮೊದಲ ಭಾನುವಾರ ನೀವೇ ನಿಮ್ಮ ತಮ್ಮ ವಸಂತ್ ಅವರ ಫೋನಿಗೆ ಎಲ್ಲವನ್ನೂ ಕಳಿಸಿ, ಅಮ್ಮನಿಗೆ ಕೇಳಿಸೋ ಎಂದಿರಿ. ಅವರು ಅತ್ತೆಗೆ ಸ್ನಾನ ಮಾಡಿಸಿ ಮಲಗಿಸಿ ದಿಂಬಿನ ಪಕ್ಕ ಫೋನಿಟ್ಟರು. ನಾನು ಅಡುಗೆಮನೆಯಲ್ಲಿದ್ದೆ. ಮೊದಲ ಹಾಡು ಶುರುವಾದಾಗಲೇ ಒಲೆ ಆರಿಸಿದೆ. ಹೋಗಿ ಬಾಗಿಲಲ್ಲಿ ನಿಂತೆ. ಮೊದಲ ಎರಡು ನಿಜವಾದವು. ಅತ್ತೆಯ ಎಡಗೈ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ತಾಳ ಹಾಕುತ್ತಿತ್ತು. ಕಣ್ಣು ಮುಚ್ಚಿದ್ದರು. ಮೂರನೆಯದು ಶುರುವಾಯಿತು. ಕೈ ನಿಂತಿತು. ಕಣ್ಣು ತೆರೆದರು. ಆಷಾಢದಿಂದ ತಾನಾಗಿ ತಿರುಗದಿದ್ದ ಕತ್ತು ನಿಧಾನಕ್ಕೆ ತಿರುಗಿತು, ಬಾಗಿಲಲ್ಲಿದ್ದ ನನ್ನ ಕಡೆಗೆ. ನಿಮ್ಮ ತಮ್ಮನಿಗೆ ಸಂಭ್ರಮ. “ನೋಡು, ಅಮ್ಮ ಕತ್ತು ತಿರುಗ್ಸಿದ್ರು” ಎಂದು ನಿಮಗೆ ಫೋನು ಮಾಡಿದರು. ನೀವು ನೆಂಟರಿಗೆಲ್ಲ ಹೇಳಿದಿರಿ, ಹಾಡು ಕೇಳಿ ಅಮ್ಮನಿಗೆ ಕತ್ತು ಬಂತೆಂದು. ಅಂದು ಅವರು ನನ್ನನ್ನು ನೋಡಿದ ನೋಟ ಈಗಲೂ ಬೆನ್ನ ಮೇಲೆ ಕೂತಿದೆ.

ಮಾರನೇ ದಿನದಿಂದ ಅತ್ತೆ ನನ್ನ ಕೈಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಚಮಚ ತಂದರೆ ಹಲ್ಲು ಕಚ್ಚಿಬಿಡುವರು. ಬೆಳಿಗ್ಗೆ ಒಮ್ಮೆ, ಸಂಜೆ ಬ್ಯಾಂಕಿನಿಂದ ಬಂದಮೇಲೆ ಒಮ್ಮೆ, ಮಗ ತಿನ್ನಿಸಿದರೆ ನಾಲ್ಕು ತುತ್ತು. ಬುಧವಾರ ಬಂದ ಡಾಕ್ಟರು ಹೀಗೇ ಆದರೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದರು. ಕಾಯಿಲೆ ಜಾಸ್ತಿಯಾಗಿದೆ ಎಂದು ಎಲ್ಲರೂ ತಿಳಿದರು. ಅವರನ್ನು ಉಪವಾಸ ಕೆಡವುತ್ತಿರುವುದು ಯಾವ ಕಾಯಿಲೆ ಎಂದು ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಗುರುವಾರ ಮಧ್ಯಾಹ್ನ ಮಂಚದ ಪಕ್ಕ ನೆಲದ ಮೇಲೆ ಕೂತೆ. “ಅತ್ತೆ, ಹಾಳು ಮಾಡಿದ್ದು ನಾನೇ. ಪ್ಲೇಟಲ್ಲಿ ಏನೂ ಉಳಿದಿಲ್ಲ. ಹೆದರ್ಕೊಂಡು ನಿಮ್ ಹೆಸರಲ್ಲಿ ನಾನ್ ಹಾಡ್ದೆ” ಎಂದೆ. ಅವರ ಎಡಗೈ ಮೇಲೆದ್ದಿತು. ಹೊಡೆಯಲಿ ಎಂದು ಕಣ್ಣು ಮುಚ್ಚಿದೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಬೆರಳು ನನ್ನ ಫೋನಿನ ಕಡೆ ನೆಟ್ಟಿತ್ತು.

ಆ ಮೂರನೆಯ ಹಾಡನ್ನೇ ಹಾಕಿದೆ. ಎರಡು ಸಾಲು ಸುಮ್ಮನೆ ಕೇಳಿದರು. ಮೂರನೇ ಸಾಲಿಗೆ ಗೆಣ್ಣಿನಿಂದ ಪಟ್ಟಿಯ ಮೇಲೆ ಟಣ್ ಎಂದು ಕುಟ್ಟಿದರು. ನಿಲ್ಲಿಸಿದೆ. ಬಾಗಿಲ ಎರಡೂ ಕಡೆ ಎಳೆಬಾಳೆ ನೆಡಿರಮ್ಮ ಎಂದು ಹಾಡಿದ್ದೆ. ಅದೇ ಸಾಲನ್ನು ಬಾಯಲ್ಲಿ ಹೇಳಿದೆ. ಮತ್ತೆ ಕುಟ್ಟಿದರು. ಹಸಿಬಾಳೆ ಎಂದೆ, ಕುಟ್ಟಿದರು. ಜೋಡಿಬಾಳೆ ಎಂದೆ, ಇನ್ನೂ ಜೋರಾಗಿ ಕುಟ್ಟಿದರು. ಗೊನೆಬಾಳೆ ಎಂದಾಗ ಕೈ ಸುಮ್ಮನಾಯಿತು. ಮದುವೆ ಮನೆಯ ಬಾಗಿಲಿಗೆ ಗೊನೆ ಬಿಡದ ಬಾಳೆಯನ್ನು ಯಾರು ನೆಡುತ್ತಾರೆ? ಅಷ್ಟೂ ತಿಳಿಯದೆ ಹಾಡಿದ್ದೆ. ಆ ಒಂದು ಹಾಡು ಸರಿಹೋಗಲು ಎರಡು ಗಂಟೆ ಹಿಡಿಯಿತು. ಅದಾದಮೇಲೆ ಗಂಜಿ ತಂದೆ. ಬಾಯಿ ತೆರೆದರು.

ಅವರು ನನ್ನನ್ನು ಕ್ಷಮಿಸಿದರೆಂದು ನಾನು ಹೇಳುತ್ತಿಲ್ಲ. ಹಾಡು ಕೆಟ್ಟು ನಿಂತಿರುವುದನ್ನು ನೋಡಲಾಗದೆ ಕುಟ್ಟಿರಬಹುದು. ಅಂದಿನಿಂದ ದಿನಾ ಮಧ್ಯಾಹ್ನ ನನಗೆ ಇದೇ ಕೆಲಸ. ಕುಟ್ಟಿದಲ್ಲಿ ನಿಲ್ಲಿಸಿ, ಪದ ಹುಡುಕಿ, ಮತ್ತೆ ಹಾಡಿ, ಹಳೆಯದನ್ನು ತೆಗೆದು ಹೊಸದನ್ನು ಇಟ್ಟಿದ್ದೇನೆ. ಈಗ ಪ್ರತಿಯೊಂದಕ್ಕೂ ಬೇರೆ ಬೇರೆ ಫೋಲ್ಡರು ಮಾಡಿಕೊಳ್ಳುತ್ತೇನೆ. ಆ ಚೌಕ ಬಂದರೆ ಇಲ್ಲ ಎಂದು ಒತ್ತುತ್ತೇನೆ.

ಹಾಗಾದರೆ ಸುಮ್ಮನಿರಬಹುದಿತ್ತಲ್ಲ, ಯಾಕೆ ಬರೆಯುತ್ತಿದ್ದೀಯ ಎಂದು ಕೇಳುತ್ತೀರಿ. ಕಳೆದ ವಾರ ನಡೆದದ್ದು ಕೇಳಿ. ನನಗೆ ಗೊತ್ತಿದ್ದ ಹಾಡೆಲ್ಲ ಮುಗಿದಿತ್ತು. ಫೋನು ಪಕ್ಕಕ್ಕಿಟ್ಟೆ. ಅತ್ತೆ ಆಗಲೂ ಕುಟ್ಟತೊಡಗಿದರು, ಅದು ತಪ್ಪು ತೋರಿಸುವ ಕುಟ್ಟು ಅಲ್ಲ. ಉದ್ದಕ್ಕೆ, ತಾಳವಾಗಿ, ನಡುನಡುವೆ ನಿಲ್ಲಿಸಿ, ಮತ್ತೆ ಮೊದಲಿಗೆ ಬಂದು. ಒಂದು ಇಡೀ ಹಾಡು. ಅವರ ಕಣ್ಣು ನನ್ನ ಬಾಯಿಯ ಮೇಲಿತ್ತು. ನಾನು ಒಂದೊಂದೇ ಹಾಡಿನ ಮೊದಲ ಸಾಲು ಹೇಳಿ ನೋಡಿದೆ. ಯಾವುದೂ ಅಲ್ಲ. ನನಗೆ ಗೊತ್ತಿಲ್ಲದ ಹಾಡು ಅದು. ಮತ್ತೆ ಮೊದಲಿನಿಂದ ಕುಟ್ಟಿದರು, ಗೆಣ್ಣಿನ ಚರ್ಮ ಕೆಂಪಾಗುವವರೆಗೆ. ಗೊತ್ತಿಲ್ಲ ಅತ್ತೆ ಎಂದೆ. ಅವರ ಎಡಗಣ್ಣಿನಿಂದ ನೀರು ಕಿವಿಯೊಳಗೆ ಇಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.

ಆಗ ಹುಟ್ಟಿದ ಹೆದರಿಕೆಯ ಮುಂದೆ, ನೀವು ನನ್ನನ್ನು ಏನನ್ನುತ್ತೀರೋ ಎಂಬ ಹೆದರಿಕೆ ಸಣ್ಣದಾಯಿತು. ಉಳಿದ ನೂರೈವತ್ತು ಹಾಡು ಆ ತಲೆಯೊಳಗೆ ಹಾಗೇ ಇವೆ ಅತ್ತಿಗೆ. ಬಾಯಿಲ್ಲ, ಅಷ್ಟೇ. ಮೊನ್ನೆ ಸೋಮವಾರದಿಂದ ಎಡಗೈಯ ಬೆರಳುಗಳೂ ಸೋಲುತ್ತಿವೆ. ಇನ್ನೊಂದು ಸಣ್ಣ ಹೊಡೆತ ಆಗಿದೆ ಎಂದು ಡಾಕ್ಟರು ನಿಮ್ಮ ತಮ್ಮನಿಗೆ ಹೇಳಿದ್ದಾರೆ. ನೀವು ಹೆದರುತ್ತೀರೆಂದು ಅವರು ನಿಮಗೆ ತಿಳಿಸಿಲ್ಲ. ಮೇಲೆ ಅತ್ತೆ ಹಾಗೇ ಇದ್ದಾರೆ ಎಂಬಂತೆ ಬರೆದೆನಲ್ಲ, ಅದೂ ಪೂರ್ತಿ ನಿಜವಲ್ಲ.

ಆ ದಿನದಿಂದ ಅವರು ಹೀಗೆ ಕುಟ್ಟಿದ ಏಳು ಹಾಡನ್ನು, ಬರೀ ಕುಟ್ಟನ್ನು, ಫೋನಿನಲ್ಲಿ ಹಿಡಿದಿಟ್ಟಿದ್ದೇನೆ. ನನಗೆ ಅವು ಕಬ್ಬಿಣದ ಸದ್ದು. ನೀವು ಅವರ ಮಡಿಲಲ್ಲಿ ಬೆಳೆದವರು. ನಾನು ಈ ಮನೆಗೆ ಬರುವ ಎಷ್ಟೋ ವರ್ಷ ಮುಂಚೆ ಅವರು ಹಾಡಿದ್ದು ನಿಮ್ಮ ಕಿವಿಯಲ್ಲಿರುತ್ತದೆ. ಒಂದು ಸಾಲು ನೆನಪಾದರೆ ಸಾಕು, ಉಳಿದದ್ದನ್ನು ಕುಟ್ಟಿ ಕುಟ್ಟಿ ಅವರೇ ತಿದ್ದುತ್ತಾರೆ. ನೀವು ಬರಬೇಕು. ನಮ್ಮ ಎರಡು ಮಹಡಿ ಮೆಟ್ಟಿಲು ನಿಮ್ಮ ಮಂಡಿಗೆ ಆಗದು ಎಂದು ಗೊತ್ತು. ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಲು ವಸಂತ್ ಅವರೂ ಕೆಳಮನೆಯ ಅಂಜನಪ್ಪನವರೂ ಇದ್ದಾರೆ. ಬಂದಮೇಲೆ ನನ್ನ ಮುಖ ನೋಡಬೇಡಿ, ಬೇಕಾದರೆ ನಾನು ಅಡುಗೆಮನೆಯಲ್ಲೇ ಇರುತ್ತೇನೆ. ಅತ್ತೆಯ ಪಕ್ಕ ಕೂತುಕೊಳ್ಳಿ.

ಮದುವೆಯಲ್ಲಿ ಆ ನಲವತ್ಮೂರನ್ನು ತಿಮ್ಮಕ್ಕ ಹಾಡಿದ್ದೆಂದು ಹಾಕಬೇಡಿ. ಅವು ಯಾವುವೆಂದು ಕೊನೆಯ ಹಾಳೆಯಲ್ಲಿ ಪಟ್ಟಿ ಬರೆದಿದ್ದೇನೆ. ನಿಜವಾದ ಹದಿನೈದು ಅತ್ತೆಯವೇ, ನಿರ್ಭಯವಾಗಿ ಹಾಕಿ. ಉಳಿದವನ್ನು ನೀನೇ ಬಂದು ಹಸೆಯ ಪಕ್ಕ ನಿಂತು ನಿನ್ನ ಬಾಯಲ್ಲಿ ಹಾಡು ಎಂದರೆ ಹಾಡುತ್ತೇನೆ. ಬರಬೇಡ ಎಂದರೆ ಬರುವುದಿಲ್ಲ. ನಿಮ್ಮ ತಮ್ಮನಿಗೆ ನಾನೇ ಹೇಳುತ್ತೇನೆ, ನಿಮ್ಮ ಉತ್ತರ ಬಂದ ದಿನ. ಅವರನ್ನು ಬೈಯಬೇಡಿ.

ಈ ಕಾಗದವನ್ನು ಈಗಲೇ ಹೋಗಿ ಅಂಚೆಗೆ ಹಾಕುತ್ತೇನೆ. ಮನೆಯಲ್ಲಿ ಒಂದು ದಿನ ಇಟ್ಟುಕೊಂಡರೆ ಹರಿದುಹಾಕಿಬಿಡುತ್ತೇನೆ ಎಂದು ನನಗೆ ಗೊತ್ತು.

ನಿಮ್ಮ ಫೋನಿಗೆ ಹೆದರುತ್ತಾ, ನಿಮ್ಮ ಫೋನಿಗೇ ಕಾಯುತ್ತಾ,
ಚಂದ್ರಕಲಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಾರದೆ ಬಿಟ್ಟದ್ದು. ನಲವತ್ಮೂರರಲ್ಲಿ ನಲವತ್ತೆರಡು ಅತ್ತೆಯ ಹಾಡು, ನನ್ನ ದನಿ. ‘ಹೆಣ್ಣು ಒಪ್ಪಿಸುವುದು’ ಫೋಲ್ಡರಿನ ೦೪ ಹಾಗಲ್ಲ. ನಿಮ್ಮನ್ನು ಧಾರೆಯೆರೆದ ದಿನ ಅಮ್ಮ ಇದನ್ನೇ ಹಾಡಿದ್ದು, ದಿನಾ ಬೆಳಿಗ್ಗೆ ಕೇಳುತ್ತೇನೆ ಎಂದು ಹೇಳಿದಿರಲ್ಲ, ಅದು. ನಿಮ್ಮ ಮದುವೆಯ ಹೊತ್ತಿಗೆ ಆ ಹಾಡು ಹುಟ್ಟಿರಲಿಲ್ಲ. ಆ ಫೋಲ್ಡರಿಗೆ ಮೂರೇ ಸಿಕ್ಕಿದ್ದವು. ನಾಲ್ಕನೆಯದು ನೆನಪಾಗದೆ ಫೆಬ್ರವರಿಯ ಒಂದು ಮಧ್ಯಾಹ್ನ ಅಕ್ಕಿ ಡ್ರಮ್ಮಿನ ಮುಂದೆ ನಾನೇ ಕಟ್ಟಿದೆ. ಅದನ್ನು ಅತ್ತೆಯ ಮುಂದೆ ಹಾಕಲು ಧೈರ್ಯ ಬಂದದ್ದು ಕಳೆದ ಶುಕ್ರವಾರ. ಗೆಣ್ಣು ಪಟ್ಟಿಯ ಮೇಲೆಯೇ ಇತ್ತು, ಕಣ್ಣು ತೆರೆದೇ ಇದ್ದರು. ಒಂದು ಸಲವೂ ಕುಟ್ಟಲಿಲ್ಲ. ಮುಗಿದಮೇಲೆ ಇನ್ನೊಂದು ಸಲ ಹಾಕು ಎಂದು ಬೆರಳು ತೋರಿಸಿದರು. ಆ ಫೈಲಿನ ಕೊನೆಯಲ್ಲಿದ್ದ ಹೆಸರನ್ನು ಅಳಿಸಿದ್ದೇನೆ. ಅಲ್ಲಿ ಯಾರ ಹೆಸರು ಬರೆಯಬೇಕೆಂದು ನೀವೇ ಹೇಳಿ.